ಕನ್ನಡಿ ಇಲ್ಲದೆ ನಡೆಯುವುದು

ಕನ್ನಡಿಯ ಎದುರು ಆಪಾ ಬಲು ಚೆಂದ ನಡೆಯುತ್ತಿದ್ದರು. ಎರಡು ಕಬ್ಬಿಣದ ಸರಳುಗಳ ನಡುವೆ ನಿಂತು, ತುದಿಯಲ್ಲಿ ನಿಲ್ಲಿಸಿದ್ದ ಆಳೆತ್ತರದ ಕನ್ನಡಿಯಲ್ಲಿ ತಮ್ಮ ಎಡಗಾಲನ್ನೇ ದಿಟ್ಟಿಸುತ್ತ ಹೆಜ್ಜೆ ಇಡುವರು. ಮೊಣಕಾಲಿನ ಕೆಳಗೆ ಆ ಕಾಲು ಪ್ಲಾಸ್ಟಿಕ್ಕಿನದು, ಪಾದ ರಬ್ಬರಿನದು. ನಾನು ಪಕ್ಕದಲ್ಲಿ ನಿಂತು, "ಹಿಮ್ಮಡ ಮೊದಲು... ಮೊಣಕಾಲು ನೆಟ್ಟಗ... ಈಗ ಭಾರ ಹಾಕ್ರಿ... ಶಭಾಷ್!" ಎಂದು ಬಾಯಿ ಮುಚ್ಚದೆ ಹೇಳುತ್ತಿದ್ದೆ. ಆ ಕೋಣೆಯಲ್ಲಿ ಯಾರು ಇಣುಕಿದರೂ ಕೆಲಸ ಭರ್ಜರಿ ನಡೆದಿದೆ ಅಂದುಕೊಳ್ಳಬೇಕು, ಹಾಗಿತ್ತು.

ಆದರೆ ಸರಳುಗಳು ಮುಗಿದ ಮೇಲೆ ಬಾಗಿಲವರೆಗೆ ಬರೀ ನೆಲ. ಆ ನೆಲಕ್ಕೆ ಕಾಲಿಟ್ಟ ಕೂಡಲೇ ಆಪಾ ಕಲ್ಲಾಗಿಬಿಡುತ್ತಿದ್ದರು. ಮೈಭಾರವನ್ನೆಲ್ಲ ಬಲಗಾಲಿಗೆ ಹಾಕಿ, ನನ್ನ ತೋಳನ್ನು ಉಡದ ಹಾಗೆ ಹಿಡಿದು, "ಬೀಳ್ತೀನಿ ಮೇಡಂ, ಬೀಳ್ತೀನಿ" ಅನ್ನುವರು.

ನಾನು ಶಹಾಪುರದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಆಪಾ, ಅಂದರೆ ಅಕ್ಕ, ಎಂದೇ ಎಲ್ಲರೂ ಕರೆಯುವ ಇವರು ಸುರಪುರದವರು, ನಲವತ್ತು ದಾಟಿದ ಬಳೆಗಾರ್ತಿ. ಮನೆಯಲ್ಲಿ ದಖನಿ, ಗಿರಾಕಿಗಳ ಹತ್ತಿರ ನಮ್ಮದೇ ಕನ್ನಡ. ಅಂಗಡಿ ಇಟ್ಟು ಕೂತವರಲ್ಲ. ಬಳೆ ಡಬ್ಬಿಗಳ ಚೀಲ ಹೆಗಲಿಗೇರಿಸಿ, ಬಸ್ಸು ಹತ್ತಿ, ಇವತ್ತು ದೇವಾಪುರ, ನಾಳೆ ಹುಣಸಗಿ ಕಡೆಯ ಹಳ್ಳಿ ಎಂದು ಮನೆಮನೆ ತಿರುಗಿದವರು. ಸಕ್ರಿ ಬ್ಯಾನಿ, ಅಂದರೆ ಸಕ್ಕರೆ ಕಾಯಿಲೆ ಇತ್ತು. ಪಾದಕ್ಕಾದ ಹುಣ್ಣು ಕೀವುಗಟ್ಟಿ ಮೇಲೇರಿ, ಕೊನೆಗೆ ಕಾಲು ತೆಗೆಯಬೇಕಾಯಿತು. ಗಾಯ ಮಾಗಿ, ಅಚ್ಚು ತೆಗೆದು ಹೊಸ ಕಾಲು ಮಾಡಿಸಿ ಆದಮೇಲೆ ನಡಿಗೆ ಕಲಿಸುವ ಪಾಳಿ ನನ್ನದು.

ಆಗಷ್ಟೇ ನಾನು ಕಲಬುರಗಿಯಲ್ಲಿ ಒಂದು ತರಬೇತಿ ಮುಗಿಸಿ ಬಂದಿದ್ದೆ. ರೋಗಿಗಳಿಗೆ ವ್ಯಾಯಾಮ ಕಲಿಸುವುದೂ ಒಂದು ಪಾಠವೇ, ಕಲಿಕೆಯ ಸಿದ್ಧಾಂತ ಗೊತ್ತಿಲ್ಲದೆ ಕಲಿಸಬಾರದು ಎಂಬುದು ಅದರ ಸಾರ. ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಓದಿ, ಕೆಲವರು ಕೈಯಾರೆ ಮಾಡಿ. ರೋಗಿಯ ಬಗೆ ಯಾವುದೆಂದು ತಿಳಿದು ಪಾಠ ಹೊಂದಿಸಿದರೆ ಅರ್ಧ ಗೆದ್ದಂತೆ ಎಂದು ಒಬ್ಬ ತರಬೇತುದಾರರು ಹೇಳಿದ್ದರು. ನನಗೆ ಎಷ್ಟು ಹಿಡಿಸಿತ್ತೆಂದರೆ ಊರಿಗೆ ಬರುವ ಬಸ್ಸಿನಲ್ಲೇ ಕನ್ನಡದ ಪ್ರಶ್ನೆಗಳನ್ನು ಜೋಡಿಸಿಕೊಂಡಿದ್ದೆ. ಮೊದಲು ಸಿಕ್ಕವರೇ ಆಪಾ.

"ಆಪಾ, ಹೊಸಾ ಕೆಲಸ ಕಲೀಬೇಕಂದ್ರ ನೀವು ನೋಡಿ ಕಲೀತೀರೋ, ಕೇಳಿ ಕಲೀತೀರೋ?"

"ಯಾವ ಕೆಲಸ ಅಂತ ಹೇಳ್ರಿ ಮೇಡಂ. ಬಿರ್ಯಾನಿ ನೋಡಿ ಕಲ್ತೆ, ಬೈಗುಳ ಕೇಳಿ ಕಲ್ತೆ."

ಜೊತೆಗೆ ಬಂದಿದ್ದ ಅವರ ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ, ಆದರೆ ಬಿಡಲಿಲ್ಲ. "ಎರಡರಾಗ ಒಂದು ಹೇಳ್ರಲ್ಲ."

"ಹಂಗಾದ್ರ ನೋಡಿ ಅಂತ ಬರ್ಕೊರ್ರಿ. ಬಣ್ಣ ನೋಡಿ ನೋಡಿ ನನ್ನ ಕಣ್ಣು ಭಾರೀ ಚುರುಕ ಅದಾವು."

ಹಾಗೆ ಆಪಾ ನನ್ನ ಲೆಕ್ಕದಲ್ಲಿ ನೋಡಿ ಕಲಿಯುವವರಾದರು. ಗೋಡೆಗೆ ಚಿತ್ರಗಳು ಬಂದವು. ಉಗ್ರಾಣದಲ್ಲಿದ್ದ ದೊಡ್ಡ ಕನ್ನಡಿ ಸರಳುಗಳ ತುದಿಗೆ ಬಂತು. ಫಲಿತಾಂಶ ಮೇಲೆ ಹೇಳಿದೆನಲ್ಲ, ಅದು.

ಒಂದು ದಿನ ತಂಗಿ ನನ್ನನ್ನು ಬದಿಗೆ ಕರೆದು ಹೇಳಿದಳು. "ಮನ್ಯಾಗ ಆ ಕಾಲು ಮಂಚದ ಕೆಳಗ ಇಟ್ಟಾಳ್ರಿ. ಗ್ವಾಡಿ ಹಿಡ್ಕೊಂಡು ಒಂದ ಕಾಲಮ್ಯಾಲ ಕುಂಟ್ಕೋತ ಅಡ್ಡಾಡತಾಳ. ಇಲ್ಲಿಗೆ ಬರೋ ಮುಂದ ಅಷ್ಟ ಹಾಕ್ಕೊತಾಳ."

ಸಕ್ಕರೆ ಕಾಯಿಲೆಯವರ ಉಳಿದ ಒಂದೇ ಕಾಲಿಗೆ ಎರಡು ಕಾಲಿನ ಭಾರ ಬಿದ್ದರೆ ಅದಕ್ಕೂ ಹುಣ್ಣಾಗುವ ಭಯ. ಒಂದು ಕಾಲು ಹೋದ ದಾರಿಯಲ್ಲೇ ಇನ್ನೊಂದೂ ಹೋಗಬಹುದು. ಆಪಾ ಅವರನ್ನೇ ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಈ ಕಾಲು ನಿಮ್ಮ ದವಾಖಾನ್ಯಾಗ ಅಷ್ಟ ನಡೀತೈತ್ರಿ ಮೇಡಂ. ನಮ್ಮ ಓಣ್ಯಾಗ ಕನ್ನಡಿ ಯಾರು ಹಿಡೀತಾರ? ಇನ್ನೊಂದೆರಡು ಸಲ ಬರ್ತೀನಿ. ಆಗ್ಲಿಲ್ಲಂದ್ರ ಇದನ್ನ ನಿಮ್ಮ ಹತ್ರನ ಇಟ್ಕೋರಿ. ಬಸ್ ಹತ್ತಾಕ ಬರಲಾರದ ಕಾಲು ತಗೊಂಡು ನಾ ಏನ ಮಾಡ್ಲಿ?"

ಸಿಟ್ಟಿನಿಂದ ಅಂದ ಮಾತಲ್ಲ. ಗಿರಾಕಿಗೆ ಹಿಡಿಸದ ಬಳೆಯನ್ನು ಡಬ್ಬಿಗೆ ವಾಪಸ್ ಇಡುವವರ ಹಾಗೆ ಸಮಾಧಾನದಿಂದ ಅಂದರು. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಮುಂದಿನ ಸಲ ಅವರು ಬಂದಾಗ ನಡೆದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ನರ್ಸ್ ಒಬ್ಬಳು ಏಳು ತಿಂಗಳ ಬಸುರಿ. ಮನೆಯಲ್ಲಿ ಕುಬಸದ, ಅಂದರೆ ಸೀಮಂತದ ತಯಾರಿ ನಡೆದಿತ್ತು. ನನ್ನ ಹತ್ತಿರ ಬಳೆಗಾರ್ತಿ ಬರುತ್ತಾರೆಂದು ಗೊತ್ತಾಗಿ ಮೊದಲೇ ಹಸಿರು ಬಳೆ ತರಲು ಹೇಳಿಕಳಿಸಿದ್ದಳು. ನಾನು ಸರಳುಗಳ ಹತ್ತಿರ ತಯಾರಾಗಿ ನಿಂತಿದ್ದರೆ, ಇವಳು ಬಂದು ಎತ್ತರದ ಮಂಚದ ಮೇಲೆ ಕೂತು ಕೈ ಚಾಚಿದಳು. ಕೂತವಳ ಕೈ ಎಟುಕಬೇಕೆಂದರೆ ಆಪಾ ನಿಲ್ಲಲೇಬೇಕು. ಅವರು ನಿಂತರು.

"ಕೈ ಸಡಿಲ ಬಿಡವ್ವಾ. ಎಷ್ಟನೇದು? ಚೊಚ್ಚಲನ? ತವರು ಮನಿ ಯಾವೂರು?"

"ಗೋಗಿ ರೀ."

"ಗೋಗಿ! ಅಲ್ಲಿ ಮಂದಿ ಬಳಿ ಇಡಸ್ಕೊಳ್ಳೋ ಮುಂದ ಮಾತು ಭಾಳ ಆಡ್ತಾರ. ನೀ ಯಾಕ ಸುಮ್ಮ ಕುಂತಿ?"

ಎರಡೂ ಕೈ ಬಳೆಯಲ್ಲಿ, ಕಣ್ಣು ನರ್ಸಿನ ಮುಂಗೈಯಲ್ಲಿ, ಬಾಯಿ ಗೋಗಿಯಲ್ಲಿ. ಸರಳು ಇಲ್ಲ, ಕನ್ನಡಿ ಇಲ್ಲ, ನನ್ನ ಧ್ವನಿಯೂ ಇಲ್ಲ. ಡಬ್ಬಿ ಎಡಗಡೆ ಸ್ಟೂಲಿನ ಮೇಲಿತ್ತು. ಇನ್ನೊಂದು ಜೋಡಿ ತೆಗೆಯಲು ಆಪಾ ಎಡಕ್ಕೆ ವಾಲಿದರು. ನನ್ನ ಕಣ್ಣು ತಾನಾಗಿ ಅವರ ಬಲಪಾದಕ್ಕೆ ಹೋಯಿತು. ಹಿಮ್ಮಡ ನೆಲ ಬಿಟ್ಟಿತ್ತು! ಬೆರಳ ತುದಿ ಮಾತ್ರ ತಾಗಿದೆ. ಅಂದರೆ ಹೆಚ್ಚುಕಡಿಮೆ ಇಡೀ ಮೈಭಾರ ಪ್ಲಾಸ್ಟಿಕ್ ಕಾಲಿನ ಮೇಲೆ. ಎಷ್ಟೋ ದಿನದಿಂದ ನಾನು ಗಂಟಲು ಹರಿದುಕೊಂಡು "ಭಾರ ಹಾಕ್ರಿ, ಭಾರ ಹಾಕ್ರಿ" ಎಂದು ಬೇಡಿದ್ದು ಅದೇ!

ಕೂಗಬೇಕೆನ್ನಿಸಿತು. ತುಟಿ ಕಚ್ಚಿ ಹಿಡಿದೆ. ಕೂಗಿದರೆ ಆಪಾ ಕಾಲು ನೋಡಿಕೊಳ್ಳುತ್ತಾರೆ, ನೋಡಿಕೊಂಡರೆ ಮತ್ತೆ ಕಲ್ಲಾಗುತ್ತಾರೆ. ಅವರು ಬಗ್ಗಿದರು, ತಿರುಗಿದರು, ಬೆಳಕಿಗೆ ಬಳೆ ಹಿಡಿದು ಒಡಕು ನೋಡಿದರು, ಮತ್ತೆ ವಾಲಿದರು. ಆ ಕಾಲು ಅವರ ಜೊತೆಗೇ ಇತ್ತು.

ಮನೆಗೆ ಹೋದವಳೇ ತರಬೇತಿಯ ಹಾಳೆಗಳನ್ನೂ ಹಳೆಯ ಪಠ್ಯಪುಸ್ತಕಗಳನ್ನೂ ಹರವಿಕೊಂಡು ಕೂತೆ. ತರಬೇತಿಯ ಕೊನೆಯ ಭಾಗ ಈಗ ಹೊಸದಾಗಿ ಓದಿದಂತೆ ಅನ್ನಿಸಿತು. ಒಬ್ಬರಿಗೆ ಚಿತ್ರ ಇಷ್ಟ, ಇನ್ನೊಬ್ಬರಿಗೆ ಮಾತು ಇಷ್ಟ, ಅದು ನಿಜ. ಆದರೆ ಇಷ್ಟದ ದಾರಿಯಲ್ಲಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ ಎಂದು ಅಲ್ಲೇ ಹೇಳಿತ್ತು. ಬಿರ್ಯಾನಿಯ ದಾರಿ ಬೇರೆ, ಬೈಗುಳದ ದಾರಿ ಬೇರೆ. ದಾರಿಯನ್ನು ಗೊತ್ತುಮಾಡುವುದು ಕಲಿಯುವ ಕೆಲಸ, ಕಲಿಯುವವರ ಇಷ್ಟವಲ್ಲ. ನಡಿಗೆಯಂಥ ಮೈಗೆಲಸ ಕಲಿಯುವವರಿಗೆ ಹೆಜ್ಜೆಹೆಜ್ಜೆಗೂ ತಿದ್ದಿ ಹೇಳುತ್ತಿದ್ದರೆ ಅವರು ಆ ತಿದ್ದುವಿಕೆಗೇ ಜೋತುಬೀಳುತ್ತಾರೆ. ಗಮನ ಸ್ವಂತ ಮೊಣಕಾಲಿನ ಮೇಲಿದ್ದರೆ ಮೈ ಬಿಗಿಯುತ್ತದೆ, ಮಾಡಬೇಕಾದ ಕೆಲಸದ ಮೇಲಿದ್ದರೆ ಮೈ ತಾನೇ ಹಾದಿ ಹುಡುಕುತ್ತದೆ. ಒಂದೇ ಜಾಗದಲ್ಲಿ ಒಂದೇ ರೀತಿ ಕಲಿತದ್ದು ಇವತ್ತು ಚೆಂದ ಕಾಣುತ್ತದೆ, ಬೇರೆ ಜಾಗಕ್ಕೆ ಹೋದರೆ ಕೈಕೊಡುತ್ತದೆ. ಓದುತ್ತ ಓದುತ್ತ ನಾನು ಎದ್ದು ನಿಂತು ಅಡುಗೆಮನೆಯಲ್ಲಿ ಓಡಾಡತೊಡಗಿದೆ. ಇದೆಲ್ಲವನ್ನೂ ಆಪಾ ಅವರ ಆ ಬಲ ಹಿಮ್ಮಡದಲ್ಲಿ ಕಣ್ಣಾರೆ ನೋಡಿ ಬಂದಿದ್ದೆನಲ್ಲ!

ಮರುಸಲ ಆಪಾ ಬರುವ ಮೊದಲೇ ಕನ್ನಡಿಯನ್ನು ಗೋಡೆಗೆ ಮುಖಮಾಡಿ ತಿರುಗಿಸಿಟ್ಟೆ. ಅವರು ಬಂದ ಮೇಲೆ, ಹೇಳಿಕಳಿಸಿ ತರಿಸಿದ್ದ ಬಳೆ ಡಬ್ಬಿಗಳನ್ನು ಕೋಣೆಯ ತುಂಬ ಹಂಚಿದೆ. ಒಂದು ಕಿಟಕಿಯ ಮೇಲೆ, ಒಂದು ಕೆಳಗಿನ ಸ್ಟೂಲಿನಲ್ಲಿ, ಒಂದು ನೆಲಕ್ಕೆ ಹಾಸಿದ ತೆಳು ಹಾಸಿಗೆಯ ಆಚೆ, ಒಂದು ಹೊರಗೆ ವೆರಾಂಡಾದ ಇಳಿಜಾರಿನ ತುದಿಗೆ. ಅವರ ಸೊಂಟಕ್ಕೆ ಹಿಡಿಕೆಯ ಬೆಲ್ಟು ಕಟ್ಟಿ ಹಿಂದೆ ನಿಂತೆ.

"ಇವತ್ತ ಕಾಲಿನ ಮಾತು ಬ್ಯಾಡ ಆಪಾ. ನಾ ಗಿರಾಕಿ. ನನಗ ಕಿಟಕಿ ಮ್ಯಾಲಿನ ಕೆಂಪು ಬಳಿ ಬೇಕು."

"ಕಾಯ್ಕು? ಕೆಂಪ ಯಾಕ? ಇಲ್ಲೇ ಅದಾವಲ್ಲ ಹಸರು."

"ಕೆಂಪ ಬೇಕು."

"ಹಟಮಾರಿ ಗಿರಾಕಿ" ಎಂದು ಗೊಣಗುತ್ತ ಹೊರಟರು. ತಡವರಿಸಿದರು, ಮಂಚದ ಅಂಚು ಹಿಡಿದರು, ನಿಂತರು, ಮತ್ತೆ ಹೊರಟರು. ನನ್ನ ನಾಲಗೆ ತುರಿಸುತ್ತಿತ್ತು. ಮೊಣಕಾಲು ಅಂತ ಹೇಳಬೇಕು, ಹಿಮ್ಮಡ ಅಂತ ಹೇಳಬೇಕು! ಹೇಳಲಿಲ್ಲ. ಡಬ್ಬಿ ತಂದುಕೊಟ್ಟ ಮೇಲೆ ಒಂದೇ ಪ್ರಶ್ನೆ: "ಹೆಂಗಾತು?" ಅವರು ಯೋಚಿಸಿ, "ತಿರುಗೋ ಮುಂದ ಜರಾ ಜೋಲಿ ಹೋತು" ಅಂದರು. ಸರಿಯಾಗಿ ಅಲ್ಲೇ ಸಮತೋಲ ತಪ್ಪಿತ್ತು. ತಪ್ಪನ್ನು ತಾವೇ ಹಿಡಿದಿದ್ದರು. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿ.

ಆಸ್ಪತ್ರೆಯಲ್ಲಿ ನಗೆಯೋ ನಗೆ. ಫಿಸಿಯೋಥೆರಪಿ ಕೋಣೆಯಲ್ಲಿ ಬಳೆ ಅಂಗಡಿ ತೆರೆದಿದೆ ಎಂದು ಸುದ್ದಿಯಾಯಿತು. ಮೂಳೆಯ ಹಿರಿಯ ಡಾಕ್ಟರು ನೋಡಲು ಬಂದರು. ಆಪಾ ಅವರ ಕಾಲಿನ ಆಪರೇಷನ್ ಮಾಡಿದವರು ಅವರೇ.

"ಇದು ದವಾಖಾನಿನೋ ಬಜಾರೋ?" ಎಂದು ನಗುತ್ತಲೇ ಕೇಳಿದವರು, ಆಪಾ ನಡೆಯುವುದನ್ನು ನೋಡಿ ಗಂಭೀರರಾದರು. "ಹೋದ ವಾರ ಕನ್ನಡಿ ಮುಂದ ಇದಕ್ಕಿಂತ ಚಲೋ ನಡೀತಿದ್ರಲ್ಲ? ಈಗ ನೋಡಿದ್ರ ತೂರಾಡ್ತಾರ. ಹಿಂದಕ್ಕ ಹೊಂಟೀರಿ ನೀವು."

ಅವರು ಹೇಳಿದ್ದು ಸುಳ್ಳಲ್ಲ. ಬೇರೆ ಬೇರೆ ರೀತಿಯಲ್ಲಿ ಅಭ್ಯಾಸ ಮಾಡಿಸಿದರೆ ಆ ಹೊತ್ತಿನ ನಡಿಗೆ ಕೆಟ್ಟದಾಗಿಯೇ ಕಾಣುತ್ತದೆ. "ಸರ್, ಇವತ್ತ ಹೆಂಗ ನಡೀತಾರ ಅನ್ನೋದು ಕಲಿಕೆ ಅಲ್ಲ. ನಡುವೆ ಅಭ್ಯಾಸ ಬಿಟ್ಟು ತಿರುಗಿ ಬಂದಾಗ ಎಷ್ಟು ಉಳಿದೈತಿ, ಅದು ಕಲಿಕೆ. ಇವರು ಬಸ್ ಹತ್ತಬೇಕ್ರಿ, ಹಳ್ಳಿಗೆ ಹೋಗಬೇಕು. ನನಗ ಸ್ವಲ್ಪ ಟೈಮ್ ಕೊಡ್ರಿ" ಅಂದೆ. ಅವರು "ಚರ್ಮ ಜ್ವಾಕಿ" ಎಂದಷ್ಟೇ ಹೇಳಿ ಹೋದರು.

ಹೊಡೆತ ಬಿದ್ದದ್ದೂ ಚರ್ಮದಿಂದಲೇ. ಒಂದು ಬೆಳಿಗ್ಗೆ ಕಾಲು ಬಿಚ್ಚಿ ನೋಡಿದರೆ ಮೊಣಕಾಲಿನ ಕೆಳಗೆ ಬೊಬ್ಬೆ. ಆಪಾಗೆ ಗೊತ್ತೇ ಇರಲಿಲ್ಲ, ಸಕ್ಕರೆಯಿಂದ ಅಲ್ಲಿ ಸ್ಪರ್ಶ ಮಂದವಾಗಿತ್ತು. ನಡೆದಂತೆಲ್ಲ ಕತ್ತರಿಸಿ ಉಳಿದ ಎಡಗಾಲಿನ ತುದಿ ಸಣ್ಣಗಾಗುತ್ತದೆ, ಅದು ಕೂರುವ ಪ್ಲಾಸ್ಟಿಕ್ ಬಟ್ಟಲು ಸಡಿಲಾಗುತ್ತದೆ, ಆಗ ಇನ್ನೊಂದು ಕಾಲುಚೀಲ ಹೆಚ್ಚಿಗೆ ಹಾಕಿಕೊಳ್ಳಬೇಕು. ಇದನ್ನು ನಾನು ಹೇಳಿದ್ದೆ. "ತಿಳೀತ್ರೀ?" ಎಂದು ಕೇಳಿದ್ದೆ. "ಹೂಂ" ಅಂದಿದ್ದರು. ಈ ಸಲ ಬೇರೆ ಥರ ಕೇಳಿದೆ.

"ನಾ ಸರಿಯಾಗಿ ಹೇಳೀನೋ ಇಲ್ಲೋ ನೋಡಬೇಕಾಗೇತಿ ಆಪಾ. ಕಾಲುಚೀಲದ ವಿಷಯ ನಿಮ್ಮ ತಂಗಿಗೆ ಹೆಂಗ ಹೇಳ್ತೀರಿ, ಈಗ ನನ್ನ ಮುಂದ ಹೇಳ್ರಿ."

ಆಪಾ ತಂಗಿಯ ಕಡೆ ತಿರುಗಿದರು. "ಕಾಲು ಒಳಗ ಅಲ್ಲಾಡಾಕತ್ರ ಒಂದು ಚೀಲ ತಗೀಬೇಕು. ಹಗೂರ ಆಗ್ತೈತಿ."

ಪೂರಾ ಉಲ್ಟಾ. ತಗಲಿದ ಗಾಯಕ್ಕೆ ಕಾರಣ ಅಲ್ಲೇ ಸಿಕ್ಕಿತು. ನಾನು ತಿದ್ದಿ ಭಾಷಣ ಮಾಡಲಿಲ್ಲ. ಒಂದು ದೊಡ್ಡ ಅಳತೆಯ ಬಳೆ ತೆಗೆದು ಅವರ ಸಣ್ಣ ಮುಂಗೈಗೆ ಹಾಕಿ, ಕೈ ಅಲ್ಲಾಡಿಸಲು ಹೇಳಿದೆ. ಬಳೆ ಮೇಲೆ ಕೆಳಗೆ ಹೊಡೆದಾಡಿತು. ಆಮೇಲೆ ಮುಂಗೈಗೆ ಬಟ್ಟೆ ಸುತ್ತಿ ಅದೇ ಬಳೆ ಹಾಕಿದೆ. ಅಲ್ಲಾಡಲಿಲ್ಲ. ಆಪಾ ಹಣೆ ಬಡಿದುಕೊಂಡರು. "ಯಾ ಅಲ್ಲಾ! ಸಡಲ ಇದ್ರ ತಿಕ್ಕತೈತಿ. ಚೀಲ ಹಾಕಬೇಕು, ತಗೀಬಾರ್ದು!" ಅಂದವರೇ ತಂಗಿಗೆ ಈ ಸಲ ದಖನಿಯಲ್ಲಿ, ಕೈ ಬಾಯಿ ತಿರುಗಿಸಿ, ತಾವೇ ಪಾಠ ಮಾಡಿದರು. ಚರ್ಮವನ್ನು ದಿನಾ ಹೇಗೆ ನೋಡಿಕೊಳ್ಳಬೇಕೆಂಬುದನ್ನೂ ಹಾಗೇ ಅವರ ಬಾಯಿಂದಲೇ ಹೇಳಿಸಿದೆ.

ಗಾಯ ಮಾಗುವ ತನಕ ಕಾಲು ಹಾಕುವಂತಿರಲಿಲ್ಲ. ಆಪಾ ಮನೆಯಲ್ಲಿ, ಕಾಲು ನನ್ನ ಕಪಾಟಿನಲ್ಲಿ. ಹಿರಿಯ ಡಾಕ್ಟರು ಎದುರು ಸಿಕ್ಕಾಗಲೆಲ್ಲ "ಗಾಯ ಹೆಂಗೈತಿ?" ಎಂದಷ್ಟೇ ಕೇಳಿ ಮುಂದೆ ಹೋಗುತ್ತಿದ್ದರು. ಹಾಗೆ ಕುದಿಯುತ್ತಿದ್ದಾಗ ಒಂದು ಸಂಗತಿ ಮಿಂಚಿತು. ಅಭ್ಯಾಸ ಬಿಟ್ಟು ಬಂದಾಗ ಉಳಿಯುವುದೇ ಕಲಿಕೆ ಎಂದು ಅವರ ಮುಂದೆ ಹೇಳಿದ್ದೆ. ಈಗ ಆ ಪರೀಕ್ಷೆ ತಾನಾಗಿಯೇ ಬಂದು ಕೂತಿತ್ತು!

ಗಾಯ ಒಣಗಿದ ಮೇಲೆ ಆಪಾ ಬಂದ ದಿನ ಹಿರಿಯ ಡಾಕ್ಟರನ್ನು ನಾನೇ ಹೋಗಿ ಕರೆತಂದೆ. ಆಪಾ ಕಾಲುಚೀಲ ಎಳೆದು, ಸುಕ್ಕು ತೀಡಿ, ಕಾಲು ತೊಟ್ಟು, ಒಳಗೆ ಅಲ್ಲಾಡುತ್ತದೆಯೇ ನೋಡಿ, ಇನ್ನೊಂದು ಚೀಲ ಏರಿಸಿದರು. ಯಾರೂ ಹೇಳಿಕೊಟ್ಟದ್ದಲ್ಲ. ಎದ್ದರು. ನಾನು ಬೆಲ್ಟು ಹಿಡಿದೆ, ಆದರೆ ಅದು ನನ್ನ ಕೈಯಲ್ಲಿ ಸಡಿಲವಾಗಿಯೇ ಉಳಿಯಿತು. ಬಾಗಿಲು ದಾಟಿದರು. ವೆರಾಂಡಾದ ಇಳಿಜಾರು ಇಳಿದರು. ಅಲ್ಲಿ ಒದ್ದೆ ನೆಲ ಒರೆಸುತ್ತಿದ್ದವಳಿಗೆ "ಸರಕೊ ಬೇ, ಜಾರ್ತೈತಿ" ಎಂದು ಗದರಿ, ಬಳಸಿಕೊಂಡು ಹೋಗಿ ತಿರುಗಿ ಬಂದರು. ಜೋಲಿ ಇಲ್ಲ!

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಆ ಬಸ್ಸಿನ ಕತಿ ಏನಾತು ಮತ್ತ?" ಎಂದು ಕೇಳಿದರು. ಅದು ಅವರ ಒಪ್ಪಿಗೆ.

ಬಸ್ಸಿನ ಮೊದಲ ಪಾವಟಿಗೆ ಹೆಚ್ಚುಕಡಿಮೆ ಮೊಣಕಾಲೆತ್ತರ. ನಮ್ಮ ಕೋಣೆಯ ಮರದ ಮೆಟ್ಟಿಲು ಅದರ ಅರ್ಧವೂ ಇಲ್ಲ. ಹಾಗಾಗಿ ಬಸ್ಸನ್ನೇ ಹುಡುಕಿಕೊಂಡು ಹೋದೆವು. ಮಧ್ಯಾಹ್ನ ಶಹಾಪುರದ ಬಸ್ ನಿಲ್ದಾಣದಲ್ಲಿ ಒಂದು ಖಾಲಿ ಬಸ್ಸು ನೆರಳಿಗೆ ನಿಂತಿತ್ತು. ಡ್ರೈವರ್ ಬುತ್ತಿ ಬಿಚ್ಚಿದ್ದರು. ವಿಷಯ ಹೇಳಿದೆ.

"ಬಸ್ ಹತ್ತಾಕ ನನ್ನ ಪರವಾನಗಿ ಕೇಳಿದೋರನ್ನ ಇವತ್ತ ನೋಡಿದೆ. ಹತ್ರಿ, ಇಳೀರಿ, ನಾ ಉಂಡು ಮುಗಿಸೂತನಕ ಬಸ್ಸು ನಿಮ್ದ" ಅಂದರು.

ಒಂದು ಸೂತ್ರ ಮಾತ್ರ ಕಲಿಸಿದ್ದೆ: ಹತ್ತುವಾಗ ಸ್ವಂತ ಕಾಲು ಮೊದಲು, ಇಳಿಯುವಾಗ ಪ್ಲಾಸ್ಟಿಕ್ ಕಾಲು ಮೊದಲು. ಆಪಾ ಬಲಗಾಲು ಮೇಲಿಟ್ಟು ಒಂದು ಕೈಯಿಂದ ಕಂಬಿ ಹಿಡಿದು ಮೈ ಎತ್ತಿದರು. ಹೆಗಲ ಚೀಲ ಜಾರಿ ಹಿಂದಕ್ಕೆ ಎಳೆಯಿತು. ಮೈ ನನ್ನ ಮೇಲೆ ವಾಲಿತು. ಬೆಲ್ಟು ಬಿಗಿಹಿಡಿದು ನಿಲ್ಲಿಸಿದೆ.

"ಹೆಂಗಾತು?" ಎಂದೆ. ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

"ಚೀಲ ಎಳೀತು."

"ಏನ ಮಾಡೋಣ?"

ಆಪಾ ಬಾಗಿಲನ್ನು, ಎರಡೂ ಬದಿಯ ಕಂಬಿಗಳನ್ನು, ಚೀಲವನ್ನು ನೋಡಿದರು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಮಂದಿ ನಾವು. ಆಪಾ ಚೀಲವನ್ನು ಹೆಗಲಿಂದ ಇಳಿಸಿ, ಬಸ್ಸಿನೊಳಗೆ ಮೇಲಿನ ಪಾವಟಿಗೆಗೆ ಜೋಪಾನವಾಗಿ ನೂಕಿದರು. "ಮೊದಲ ಇದು ಹತ್ಲಿ." ಎರಡೂ ಕೈಗೆ ಎರಡು ಕಂಬಿ ಸಿಕ್ಕಿತು. ಬಲಗಾಲು, ಒಂದು ಉಸಿರು, ಎಡಗಾಲು. ಆಪಾ ಬಸ್ಸಿನೊಳಗಿದ್ದರು! ಡ್ರೈವರ್ ತುತ್ತು ಹಿಡಿದ ಕೈಯನ್ನೇ ಎತ್ತಿ "ವಾರೆವ್ವಾ!" ಅಂದರು. ನಾನು ನಿಲ್ದಾಣದ ನಡುವೆ ನಿಂತು ಕುಣಿದೆನೆಂದು ತಂಗಿ ಇವತ್ತಿಗೂ ಎಲ್ಲರ ಮುಂದೆ ಹೇಳುತ್ತಾಳೆ. ಅವತ್ತು ಬುತ್ತಿ ಮುಗಿಯುವ ತನಕ ಹತ್ತುವುದು ಇಳಿಯುವುದೇ ಆಯಿತು, ಒಮ್ಮೆ ಮುಂದಿನ ಬಾಗಿಲಿಂದ, ಒಮ್ಮೆ ಹಿಂದಿನಿಂದ, ಒಮ್ಮೆ ಬೇಕೆಂದೇ ಅವಸರದಿಂದ.

ಆಮೇಲೆ ಎಷ್ಟೋ ಸಲ ಆಪಾ ಸುರಪುರದಿಂದ ಟಂಟಂ ಆಟೋ ಬಿಟ್ಟು ಬಸ್ಸಿನಲ್ಲೇ ಬಂದರು. ಆದರೆ ಹಳ್ಳಿಗೆ ಚೀಲ ಹೊತ್ತು ಹೊರಟದ್ದು ನನ್ನ ಒಂದು ರಜಾ ದಿನ. ದೇವಾಪುರಕ್ಕೆ. ನಾನೂ ಜೊತೆಗೆ ಹೋದೆ, ಬೆಲ್ಟು ಮನೆಯಲ್ಲೇ ಬಿಟ್ಟು. ಸುರಪುರದಲ್ಲಿ ಬಸ್ಸು ಬಂದದ್ದೇ ತಡ, ಜನ ಮುಗಿಬಿದ್ದರು. ಹಿಂದಿನಿಂದ ಯಾರೋ ತಳ್ಳಿದರು. ನನ್ನ ಕೈ ತಾನಾಗಿ ಆಪಾ ಅವರ ಸೊಂಟದ ಕಡೆ ಹೋಯಿತು. ಹಿಂದಕ್ಕೆಳೆದುಕೊಂಡು ಬೆನ್ನಿಗೆ ಕಟ್ಟಿಕೊಂಡೆ. ಆಪಾ ತಿರುಗಿ "ಜರಾ ದಮ್ ಹಿಡೀರಪ್ಪಾ, ಬಳಿ ಅದಾವು" ಎಂದು ಗುಡುಗಿ, ಚೀಲ ಒಳಗಿಟ್ಟು, ಹತ್ತಿದರು. ಕಾಲು ಇದೆ ಎಂದು ಅನ್ನಲಿಲ್ಲ, ಬಳೆ ಇವೆ ಎಂದರು!

ದೇವಾಪುರದಲ್ಲಿ ಪ್ಲಾಸ್ಟಿಕ್ ಕಾಲು ಮೊದಲು ಇಳಿಸಿ ನೆಲಕ್ಕೆ ಬಂದರು. ಓಣಿಯಲ್ಲಿ ಎತ್ತಿನ ಬಂಡಿಯ ಗುರುತು, ಗಟಾರದ ಮೇಲೆ ಹಾಸಿದ ಓರೆ ಬಂಡೆ, ಕಟ್ಟಿಗೆ ರಾಶಿ. ನನ್ನ ಕೋಣೆಯಲ್ಲಿ ಇಂಥದ್ದನ್ನು ಎಷ್ಟು ಡಬ್ಬಿ ಇಟ್ಟರೂ ಹುಟ್ಟಿಸಲಾಗದು. ಒಂದು ಮನೆಯ ಕಟ್ಟೆಯಿಂದ ಒಬ್ಬ ಹೆಂಗಸು ಕೂಗಿದಳು. "ಏ ಆಪಾ! ಎಲ್ಲಿ ಹೋಗಿದ್ಯವ್ವಾ ಇಷ್ಟ ದಿವಸ? ನನ್ನ ಕೈ ನೋಡು, ಬೋಳ ಆಗ್ಯಾವ!"

"ಬಂದೆ, ಬಂದೆ!"

ಆಪಾ ಓರೆ ಬಂಡೆ ದಾಟಿದರು. ರಬ್ಬರ್ ಪಾದ ಅಂಚಿನಲ್ಲಿ ಒಮ್ಮೆ ಹೊರಳಿತು. ಅವರು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ, ಮುಂದಿನ ಹೆಜ್ಜೆ ಆಗಲೇ ನೆಲಕ್ಕೆ ಬಿದ್ದಿತ್ತು. ನಾನು ಅಲ್ಲೇ ನಿಂತು ಆ ನಡಿಗೆಯನ್ನು ನೋಡುತ್ತ ಉಳಿದೆ. ಓಣಿಯ ತಿರುವಿನಿಂದ ಅವರು ಹಿಂದಿರುಗಿ ನೋಡಿದರು.

"ಯಾಕ ನಿಂತ್ರಿ ಮೇಡಂ? ಹಿಂಗ ಸಾವಕಾಶ ನಡದ್ರ ಊರು ಮುಗಿಯಂಗಿಲ್ಲ. ಲಗು ಲಗು ಹೆಜ್ಜಿ ಹಾಕ್ರಿ!"